ಕಾಗದದಲ್ಲಿ ಎರಡು ವರ್ಷ ದೊಡ್ಡವಳು

ಕೊಳ್ಳೇಗಾಲ

ಊರು ನೋಡಲೆಂದು ವಿಮಾನ ಹತ್ತಿದವಳಲ್ಲ ನಾನು. ಒಬ್ಬ ಹುಡುಗಿಗೆ 'ಇಲ್ಲೇ ಇದ್ದುಬಿಡು' ಎಂದು ಒಂದು ಮಾತು ಹೇಳಿ ಬರುವುದಕ್ಕೆ ಕೆನಡಾದ ಟೊರಾಂಟೋವರೆಗೆ ಹೋದೆ. ಅಷ್ಟು ದೂರ ಹೋಗಿ ಆ ಮಾತನ್ನು ಹೇಳಿದೆನೋ ಇಲ್ಲವೋ ಎಂದು ಈಗಲೂ ಮಗ್ಗದ ಹಿಂದೆ ಕೂತಾಗ ಯೋಚನೆ ಬರುತ್ತದೆ.

ಹುಡುಗಿಯ ಹೆಸರು ಪೇಮಾ. ಹನೂರು ದಾಟಿ ಮುಂದೆ ಹೋದರೆ ಒಡೆಯರಪಾಳ್ಯದ ಹತ್ತಿರ ಟಿಬೆಟಿನವರ ಕ್ಯಾಂಪು ಇದೆಯಲ್ಲ, ಅಲ್ಲಿ ಹುಟ್ಟಿದವಳು. ಅವಳ ತಾಯಿ ಯಾಂಗ್ಚೆನ್ ಚಳಿಗಾಲದಲ್ಲಿ ಕೊಳ್ಳೇಗಾಲಕ್ಕೆ ಬಂದು ನಮ್ಮ ಮನೆ ಜಗುಲಿಯ ಮೇಲೆ ಸ್ವೆಟರ್ ಹರಡಿಕೊಂಡು ಕೂರುತ್ತಿದ್ದಳು. ನಮ್ಮೂರಿನ ಚಳಿಗೆ ಸ್ವೆಟರ್ ಕೊಳ್ಳುವವರು ಎಷ್ಟು ಜನ? ಹೆಚ್ಚು ಹೊತ್ತು ನಾವಿಬ್ಬರೂ ಮಾತಾಡಿಕೊಂಡೇ ಕಳೆಯುತ್ತಿದ್ದೆವು. ಆಮೇಲೆ ಅವಳು ನಿಜವಾಗಿ ಚಳಿಯಿರುವ ದೂರದ ಊರುಗಳಿಗೆ ವ್ಯಾಪಾರಕ್ಕೆ ಹೋಗತೊಡಗಿದಳು. ಪೇಮಾಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಹಗಲೆಲ್ಲ ನಾನು ಕೆಲಸದಲ್ಲಿರುತ್ತಿದ್ದೆ, ಮಗು ಶಾಲೆಯಲ್ಲಿದ್ದರೆ ಒಳ್ಳೆಯದು ಎಂದು ಯಾಂಗ್ಚೆನ್ ಅವಳನ್ನು ನಮ್ಮ ಬೀದಿಯ ಶಾಲೆಗೆ ಸೇರಿಸಿದಳು. ಆಗ ಪೇಮಾಳಿಗೆ ಆಗಷ್ಟೇ ನಾಲ್ಕು ತುಂಬಿತ್ತು.

ನಮ್ಮ ಕಡೆ ಆಗ ಒಂದನೇ ಕ್ಲಾಸಿಗೆ ಇದ್ದದ್ದು ಒಂದೇ ಪರೀಕ್ಷೆ. ಮಗು ತನ್ನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಗಿದೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಪೇಮಾ ಕತ್ತು ಓರೆ ಮಾಡಿ, ಕಿವಿಯನ್ನೇ ಕೈಯ ಹತ್ತಿರ ತಂದು ಮುಟ್ಟಿಬಿಟ್ಟಳಂತೆ. ಆರು ವರ್ಷ ಎಂದು ಯಾಂಗ್ಚೆನ್ ಅಂದಳು, ಮೇಷ್ಟ್ರು ನಕ್ಕು ಹಾಗೇ ಬರೆದುಕೊಂಡರು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ನಮ್ಮ ಬೀದಿಯ ಅರ್ಧ ಮಕ್ಕಳ ವಯಸ್ಸು ಹಾಗೇ ಬರೆದದ್ದು, ನನ್ನದೂ ಸೇರಿ. ಹೆಚ್ಚೆಂದರೆ ಸರ್ಕಾರಿ ಕೆಲಸ ಸಿಕ್ಕವರು ಎರಡು ವರ್ಷ ಮೊದಲೇ ರಿಟೈರ್ ಆಗಿ ಮನೆಯಲ್ಲಿ ಗೊಣಗುತ್ತಾರೆ, ಅಷ್ಟೆ.

ಗಂಡ ತೀರಿಕೊಂಡ ಮೇಲೆ ಯಾಂಗ್ಚೆನ್ ಕೆನಡಾಕ್ಕೆ ಹೋಗಿ ಆಶ್ರಯ ಕೇಳಿದಳು. ಅಷ್ಟರಲ್ಲಿ ಎರಡನೆಯವಳು ದೆಚೆನ್ ಹುಟ್ಟಿದ್ದಳು, ಇನ್ನೂ ಕೂಸು. ಇಬ್ಬರೂ ನಮ್ಮ ಮನೆಯಲ್ಲೂ ಕ್ಯಾಂಪಿನ ನೆಂಟರ ಮನೆಯಲ್ಲೂ ಬೆಳೆದರು. ಅರ್ಜಿ, ವಿಚಾರಣೆ, ಮತ್ತೆ ಅರ್ಜಿ ಎಂದು ವರ್ಷಗಳು ಹೋದವು. ಕೊನೆಗೆ ಮಕ್ಕಳನ್ನು ಕರೆಸಿಕೊಳ್ಳಬಹುದು ಎಂದಾದಾಗ ಆ ದೇಶದ ನಿಯಮ ಬೇರೆ ಇತ್ತು. ಹತ್ತೊಂಬತ್ತು ತುಂಬದ ಮಕ್ಕಳನ್ನು ಮಾತ್ರ ಕರೆಸಬಹುದು. ದೆಚೆನ್‌ಗೆ ಎಂಟು. ಪೇಮಾಳಿಗೆ ಹದಿನೆಂಟು. ಆದರೆ ಕಾಗದದಲ್ಲಿ ಇಪ್ಪತ್ತು. ಎಂಟರವಳು ಹೋದಳು, ಇನ್ನೊಬ್ಬಳು ಉಳಿದಳು. ಸ್ವಲ್ಪ ಕಾಲದ ಮೇಲೆ ಆ ಮಿತಿಯನ್ನು ಇಪ್ಪತ್ತೆರಡಕ್ಕೆ ಏರಿಸಿದರು ಎಂದು ಸುದ್ದಿ ಬಂತು. ಅಷ್ಟರಲ್ಲಿ ಕಾಗದದ ಪೇಮಾ ಅದನ್ನೂ ದಾಟಿಯಾಗಿತ್ತು. ನಿಜವಾದ ಪೇಮಾ ನಮ್ಮ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

ಕರುಣೆಯಿಂದ ನೋಡಿ ಎಂದು ಬೇಡುವ ಬೇರೊಂದು ಅರ್ಜಿಯಲ್ಲಿ ಅವಳೂ ಹೋದದ್ದು ಇಪ್ಪತ್ತಾರು ತುಂಬಿದ ಮೇಲೆ. ಅಲ್ಲಿಯವರೆಗೆ ನನ್ನ ಜೊತೆ ಕೆಚ್ಚುವ ಕೆಲಸ ಮಾಡಿದಳು. ಮಗ್ಗದಲ್ಲಿ ಹಳೆಯ ಹಾಸು ಮುಗಿಯುತ್ತಾ ಬಂದಾಗ ಹೊಸ ಹಾಸಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹಳೆಯ ತುದಿಗಳಿಗೆ ಹೊಸೆದು ಸೇರಿಸಬೇಕು, ಅದೇ ಕೆಚ್ಚುವುದು. ಬೆರಳಿಗೆ ಬೂದಿ ಹಚ್ಚಿಕೊಂಡು, ಎದುರುಬದುರು ಕೂತು, ಅರ್ಧ ಹಾಡು ಅರ್ಧ ಚಾಡಿ ಹೇಳಿಕೊಂಡು ನಾವು ಮಾಡುತ್ತಿದ್ದೆವು.

ಹೋಗಿ ಎರಡು ವರ್ಷವಾಗಿತ್ತು. ಒಂದು ದಿನ ಯಾಂಗ್ಚೆನ್ ಫೋನ್ ಮಾಡಿದಳು.

"ರತ್ನ, ಪೇಮಾ ವಾಪಸ್ ಓಯ್ತೀನಿ ಅಂತವಳೆ. ಟಿಕೆಟ್ಟೂ ಮಾಡ್ಸವಳೆ. ಅಲ್ಲೇ ಉಳ್ಕಂಡ್ರೆ ಇಲ್ಲಿರಕ್ಕೆ ಕೊಟ್ಟಿರೋ ಕಾರ್ಡು ಓಯ್ತದೆ, ಆಮೇಲೆ ಬರಕ್ಕಾಗಲ್ಲ. ನಿನ್ ಮಾತು ಕೇಳ್ತಳೆ. ಬಂದು ಇಲ್ಲೇ ಇರು ಅಂತ ಏಳು."

ನನ್ನ ಟಿಕೆಟ್ ಅವಳೇ ಕಳಿಸಿದಳು. ನಾನು ಬರುವ ವಿಷಯ ತಿಳಿದು ಪೇಮಾ ಮಾಡಿದ್ದು ಒಂದೇ ಕೆಲಸ. ನನ್ನ ವಾಪಸು ವಿಮಾನಕ್ಕೆ ತನ್ನ ಟಿಕೆಟನ್ನು ಬದಲಾಯಿಸಿಕೊಂಡು, ನನ್ನ ಪಕ್ಕದ ಸೀಟನ್ನೇ ಹಿಡಿದಳು.

ನಮ್ಮ ಮನೆಯವರದು ಮಾತು ಕಡಿಮೆ. ಬಸ್ಸು ಹತ್ತಿಸುವಾಗ ಹೇಳಿದರು: "ಕರ್ಕೊಂಡ್ ಬಾ ಅಂತ ನಾನೇಳಲ್ಲ. ಬಿಟ್ಬುಟ್ಟು ಬಾ ಅಂತಲೂ ಏಳಲ್ಲ."

"ಮತ್ತೇನೇಳಲಿ?"

"ಮುದ್ದೆ ಉಂಡ್ಳಾ ಕೇಳು."

ಬೂದಿ

ಟೊರಾಂಟೋದಲ್ಲಿ ಇಳಿದಾಗ ನನ್ನ ಚೀಲವನ್ನು ಒಬ್ಬ ಅಧಿಕಾರಿ ಮೇಜಿನ ಮೇಲೆ ಬಿಚ್ಚಿದ. ರಾಗಿಹಿಟ್ಟಿಗೆ ಏನೂ ಅನ್ನಲಿಲ್ಲ. ಹುರಿಹಿಟ್ಟಿಗೂ ಅನ್ನಲಿಲ್ಲ. ಕುಂಕುಮದ ಭರಣಿಯಲ್ಲಿ ಅಭ್ಯಾಸಬಲದಿಂದ ಹಾಕಿಕೊಂಡು ಬಂದಿದ್ದ ಬೂದಿ ಅವನನ್ನು ತಡೆಯಿತು. ಏನಿದು ಎಂದ. ಬೂದಿ ಎಂದೆ. ಅವನಿಗೆ ತಿಳಿಯಲಿಲ್ಲ. ಹೆಬ್ಬೆರಳು ತೋರುಬೆರಳಿಗೆ ಚೂರು ಹಚ್ಚಿಕೊಂಡು, ಗಾಳಿಯಲ್ಲಿ ಎರಡು ಎಳೆ ಹಿಡಿದು, ಹೊಸೆದು, ಸೇರಿಸಿ ತೋರಿಸಿದೆ. ಅವನು ನನ್ನ ಬೆರಳುಗಳ ನಡುವೆ ಇಲ್ಲದ ದಾರವನ್ನು ಬಗ್ಗಿ ನೋಡಿದ. ಇನ್ನೊಬ್ಬನನ್ನು ಕರೆದ. ಅವನಿಗೂ ತೋರಿಸಿದೆ. ಕೊನೆಗೆ ಇಬ್ಬರೂ ಸೇರಿ ಬೂದಿಯನ್ನು ಇಟ್ಟುಕೊಂಡು, ಭರಣಿ ವಾಪಸು ಕೊಟ್ಟು, ಸಾರಿ ಅಂದರು.

ಅಲ್ಲಿಂದ ಮುಂದೆ ಆ ದೇಶದಲ್ಲಿ ಎಷ್ಟು ಸಾರಿ ಕೇಳಿದೆನೋ. ನಾನು ಅವರ ಕಾಲು ತುಳಿದರೂ ಅವರೇ ಸಾರಿ ಅನ್ನುತ್ತಾರೆ. ನಮ್ಮ ಹನೂರಿನ ಬಸ್ಸಿನಲ್ಲಿ ತುಳಿಸಿಕೊಂಡವರು ಏನನ್ನುತ್ತಾರೆಂದು ಇಲ್ಲಿ ಬರೆಯಲಾರೆ.

ಹೊರಗೆ ಮೂವರೂ ನಿಂತಿದ್ದರು. ಪೇಮಾ ಸೊರಗಿದ್ದಳು, ಕೂದಲು ಕತ್ತರಿಸಿದ್ದಳು. ನನ್ನ ಬೆರಳ ತುದಿಯಲ್ಲಿ ಉಳಿದಿದ್ದ ಬೂದಿ ನೋಡಿ ನಕ್ಕಳು.

"ಯಾಕ್ ಚಿಕ್ಕವ್ವ, ವಿಮಾನ್ದಲ್ಲೂ ಕೆಚ್ಕಂಡ್ ಬಂದ್ಯಾ?"

"ಮುದ್ದೆ ಉಂಡ್ಯಾ ಅಂತ ಕೇಳವ್ರೆ ನಿಮ್ ಚಿಕ್ಕಪ್ಪ."

ಅವಳು ನನ್ನ ಚೀಲ ತಕ್ಕೊಂಡಳು.

ಹದಿನಾಲ್ಕನೆಯ ಮಹಡಿ

ಅವರ ಮನೆ ಒಂದು ಎತ್ತರದ ಕಟ್ಟಡದಲ್ಲಿ. ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಿಗ್ಗೆ ಕಿಟಕಿ ತೆಗೆದರೆ ಕೆಳಗೆ ಊರೇ ಇರುತ್ತಿರಲಿಲ್ಲ. ಮಂಜು ಮಾತ್ರ. ಅದರೊಳಗಿಂದ ಟ್ರಾಮಿನ ಗಂಟೆ ಕೇಳುತ್ತಿತ್ತು, ಯಾರದೋ ಕನಸಿನಲ್ಲಿ ಯಾರೋ ಪೂಜೆ ಮಾಡುತ್ತಿರುವ ಹಾಗೆ. ಮಾದಪ್ಪನ ಬೆಟ್ಟದಲ್ಲಿ ಛತ್ರದ ಬಾಗಿಲು ತೆಗೆದಾಗ ಮೋಡ ಹೊಸ್ತಿಲವರೆಗೆ ಬಂದು ನಿಂತಿರುತ್ತದಲ್ಲ, ಹಾಗೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮೋಡ ಕೆಳಗಿತ್ತು, ನಾವು ಮೇಲೆ.

ಹಗಲು ನಿದ್ದೆ, ಸಂಜೆ ಎಚ್ಚರ. ಮೊದಲ ಕೆಲವು ದಿನ ನಾನು ಎಲ್ಲಿದ್ದೇನೆಂದು ನನಗೇ ಅನುಮಾನ. ಸೋಫಾದ ಮೇಲೆ ಕಣ್ಣು ಮುಚ್ಚಿದರೆ ಯಳಂದೂರಿನ ನನ್ನ ತವರುಮನೆ, ಬಿಳಿಗಿರಿರಂಗನ ಬೆಟ್ಟದ ನೀಲಿ ಬೆನ್ನು. ತೆರೆದರೆ ಯಾಂಗ್ಚೆನ್‌ಳ ದೇವರಪೆಟ್ಟಿಗೆ, ನೀರು ತುಂಬಿದ ಪುಟ್ಟ ಬಟ್ಟಲುಗಳು. ಅಡುಗೆಮನೆಯಿಂದ ಬೆಣ್ಣೆ ಹಾಕಿದ ಉಪ್ಪು ಟೀ ವಾಸನೆ. ನಾನು ತಂದ ಹುರಿಹಿಟ್ಟನ್ನು ಯಾಂಗ್ಚೆನ್ ಆ ಟೀಯಲ್ಲೇ ಕಲಸಿ ಉಂಡೆ ಕಟ್ಟಿ ತಿಂದಳು. ಅವರ ಊರಿನ ಹಿಟ್ಟೂ ಹೀಗೇ ಹುರಿದದ್ದಂತೆ, ಧಾನ್ಯ ಮಾತ್ರ ಬೇರೆ.

ಲಿಫ್ಟಿನಲ್ಲಿ ಒಬ್ಬ ಮುದುಕಿ ಸಿಕ್ಕಳು. ಮೋಲಾ ಅನ್ನುತ್ತಾರೆ ಅವಳನ್ನು, ಅಂದರೆ ಅಜ್ಜಿ. ನನ್ನ ಸೀರೆ ನೋಡಿ, ಜಪಮಣಿ ನಿಲ್ಲಿಸಿ, ಅಚ್ಚ ನಮ್ಮೂರ ಕನ್ನಡದಲ್ಲಿ ಕೇಳಿದಳು: "ಯಾವೂರಮ್ಮಿ?"

"ಕೊಳ್ಳೇಗಾಲ."

"ಜೋಳ ಎಂಗದೆ ಈ ವರ್ಷ?"

ಒಡೆಯರಪಾಳ್ಯದಲ್ಲಿ ಅವಳಿಗೆ ಮುಸುಕಿನ ಜೋಳದ ಹೊಲ ಇತ್ತಂತೆ. ಹಂದಿ ಕಾಟ ಹೇಗಿದೆ, ರಾಮಾಪುರದ ಬಸ್ಸು ಟೈಮಿಗೆ ಬರುತ್ತದಾ ಎಂದೆಲ್ಲ ವಿಚಾರಿಸಿದಳು. ಲಿಫ್ಟು ಅವಳ ಮಹಡಿಗೆ ಬಂದು, ಬಾಗಿಲು ತೆರೆದು, ಮುಚ್ಚಿ, ನಮ್ಮನ್ನು ಮತ್ತೆ ಕೆಳಕ್ಕೆ ಕರೆದೊಯ್ದಿತು. ಹೀಗೆ ಎಷ್ಟು ಸಲ ಮೇಲೆ ಕೆಳಗೆ ಹೋದೆವೋ. ಒಳಗೆ ಬಂದವರೆಲ್ಲ ನಮಗೆ ಸಾರಿ ಹೇಳಿ ಇಳಿದರು.

ಪೇಮಾ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಚಾದರ ಮಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಯಾಂಗ್ಚೆನ್ ಮುದುಕರ ಮನೆಯೊಂದರಲ್ಲಿ ಅವರಿಗೆ ಸ್ನಾನ ಮಾಡಿಸುವ, ಉಣ್ಣಿಸುವ ಕೆಲಸಕ್ಕೆ. ದೆಚೆನ್ ಯೂನಿವರ್ಸಿಟಿಯ ಮೊದಲ ವರ್ಷ. ಶನಿವಾರ ಈಜುಕೊಳದಲ್ಲಿ ಸೀಟಿ ಹಿಡಿದು ಎತ್ತರದ ಕುರ್ಚಿಯ ಮೇಲೆ ಕೂತು ಮುಳುಗುವವರನ್ನು ಕಾಯುತ್ತಾಳೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಜಗುಲಿಯ ಮೇಲೆ ಆಡಿದವರು. ಒಬ್ಬಳಿಗೆ ಎಂಟಕ್ಕೆ ಆ ಕಾರ್ಡು ಸಿಕ್ಕಿತು, ಇನ್ನೊಬ್ಬಳಿಗೆ ಇಪ್ಪತ್ತಾರಕ್ಕೆ. ಚಿಕ್ಕವಳು ಬಾಗಿಲು ತಳ್ಳುವ ರೀತಿಯೇ ಬೇರೆ, ಎದುರಿಗೆ ಯಾರೂ ಇರುವುದಿಲ್ಲ ಎಂಬ ಹಾಗೆ. ದೊಡ್ಡವಳು ಯಾರಾದರೂ ಬರಲಿ, ಅವರ ಹಿಂದೆ ಹೋಗೋಣ ಎಂದು ನಿಂತಿರುತ್ತಾಳೆ.

ದೆಚೆನ್‌ಗೆ ಕನ್ನಡ ಹೋಗಿಬಿಟ್ಟಿತ್ತು. 'ಚಿಕ್ಕವ್ವ', 'ಬ್ಯಾಡ', 'ಉಪ್ಪಿನಕಾಯಿ' ಇಷ್ಟು ಉಳಿದಿದ್ದವು. ಈ ಮೂರರಲ್ಲೇ ಅವಳು ನನ್ನನ್ನು ಚೆನ್ನಾಗಿ ನೋಡಿಕೊಂಡಳು.

ಆಸ್ಪತ್ರೆ

ಕರಗದೆ ಉಳಿದ ಹಿಮದ ದಿಬ್ಬಗಳು ರಸ್ತೆಬದಿಯಲ್ಲಿ ಕೊಳಕು ಉಪ್ಪಿನ ರಾಶಿಯ ಹಾಗೆ ಬಿದ್ದಿದ್ದವು. ಅವುಗಳ ಪಕ್ಕದ ನೀರು ಗಾಜಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಜಾರಿ ಕೂತೆ. ಮೊಣಕೈ ಊದಿತು. ಹತ್ತಿರದ ಚಿಕ್ಕ ಆಸ್ಪತ್ರೆಗೆ ಪೇಮಾ ಕರೆದುಕೊಂಡು ಹೋದಳು.

ಕಿಟಕಿಯ ಹಿಂದಿನ ಹೆಂಗಸು ಏನೋ ಕೇಳಿದಳು. ಪೇಮಾ ನಿಧಾನಕ್ಕೆ, ಒಂದೊಂದು ಮಾತನ್ನೂ ಬಾಯಲ್ಲಿ ತಿರುಗಿಸಿ ನೋಡಿ, ಹೇಳಲು ಶುರುಮಾಡಿದಳು. ಅರ್ಧ ಹೇಳಿದ್ದಳು. ಅಷ್ಟರಲ್ಲಿ ಕಾಲೇಜಿನಿಂದ ಓಡಿ ಬಂದ ದೆಚೆನ್ ಅಕ್ಕನ ಭುಜದ ಮೇಲಿಂದ ಬಗ್ಗಿ ಉಳಿದರ್ಧವನ್ನು ಸರಸರನೆ ಹೇಳಿ ಮುಗಿಸಿದಳು. ಕಿಟಕಿಯವಳ ಮುಖ ಅರಳಿತು. ಆಮೇಲೆ ಅವಳು ಪೇಮಾಳ ಕಡೆ ನೋಡಲೇ ಇಲ್ಲ. ಡಾಕ್ಟರೂ ಅಷ್ಟೆ. ನನ್ನ ಕೈ ಹಿಡಿದು ನೋಡಿ, ದೆಚೆನ್‌ಗೆ ಹೇಳಿದರು. ದೆಚೆನ್ ಟಿಬೆಟಿಯಲ್ಲಿ ಅಕ್ಕನಿಗೆ ಹೇಳಿದಳು. ಪೇಮಾ ಕನ್ನಡದಲ್ಲಿ ನನಗೆ ಹೇಳಿದಳು. ಮೂಳೆಗೇನೂ ಆಗಿಲ್ಲ ಎಂಬ ಸುದ್ದಿ ನನ್ನ ಹತ್ತಿರ ಬರುವ ಹೊತ್ತಿಗೆ ನೋವೇ ಅರ್ಧ ಇಳಿದಿತ್ತು.

ದೆಚೆನ್ ಮತ್ತೆ ಕಾಲೇಜಿಗೆ ಹೋದಳು. ಟ್ರಾಮಿನಲ್ಲಿ ನಾವಿಬ್ಬರೇ. ಕಿಟಕಿಯ ಮೇಲೆ ಮಂಜು ಕಟ್ಟಿತ್ತು. ಹೊರಗೆ ದೀಪಗಳು ಕರಗಿದ ಹಾಗೆ ಹೋಗುತ್ತಿದ್ದವು.

"ನೋಡ್ದ್ಯಾ ಚಿಕ್ಕವ್ವ?" ಎಂದಳು ಪೇಮಾ.

"ಒಳ್ಳೇದಕ್ಕೇ ಅಲ್ವಾ ಅವ್ಳು ಮಾತಾಡಿದ್ದು?"

"ಒಳ್ಳೇದಕ್ಕೇ. ಬ್ಯಾಂಕಲ್ಲೂ ಅವ್ಳೇ. ಕೆಲ್ಸದ ಮೇಸ್ತ್ರಿ ಫೋನ್ ಮಾಡುದ್ರೂ ಅವ್ಳೇ. ಮೂಗು ಸುರೀತಿತ್ತು ಅವ್ಳಿಗೆ, ನನ್ ಲಂಗದಲ್ಲಿ ಒರೆಸ್ಕಂಡು ಬೆಳೆದೋಳು. ಈಗ ನಂಗೆ ಎಷ್ಟ್ ವಯಸ್ಸು ಅಂತ ಯಾರಾದ್ರೂ ಕೇಳುದ್ರೆ ಅವ್ಳು ಏಳ್ತಳೆ."

ಮತ್ತೆ ಅಂದಳು: "ಕೊಳ್ಳೇಗಾಲದಲ್ಲಿ ಕ್ಯಾಂಪಿನ ಮುದುಕ್ರಿಗೆಲ್ಲ ನಾನಲ್ವಾ ಮಾತಾಡ್ತಿದ್ದೋಳು? ಕರೆಂಟ್ ಆಫೀಸು, ಆಸ್ಪತ್ರೆ, ಎಲ್ಲಾ. ಪೇಮಕ್ಕನ್ನ ಕರೀರಿ ಅನ್ನೋರು. ಇಲ್ಲಿ ಪೇಮಕ್ಕ ಯಾರು?"

ತಾಯಿಯ ಮೇಲೆ ಸಿಟ್ಟಿನಿಂದ ಹೊರಟಿದ್ದಾಳೆ ಎಂದುಕೊಂಡಿದ್ದೆ ನಾನು. ಹಾಗೇನೂ ಇರಲಿಲ್ಲ. ಯಾಂಗ್ಚೆನ್ ಮಾತ್ರ ಹಾಗೇ ತಿಳಿದಿದ್ದಳು. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ಒಂದೆರಡು ಸಲ ನನ್ನ ಹತ್ತಿರ ಅಂದಿದ್ದಳು: "ನಾನ್ ಅವತ್ತು ನಾಕು ಅಂತ ನಿಜ ಏಳಿದ್ರೆ, ಅವ್ಳೂ ಆ ಕುರ್ಚಿ ಮ್ಯಾಲೆ ಸೀಟಿ ಇಟ್ಕಂಡು ಕೂತಿರ್ತಿದ್ಲು."

"ಅವತ್ತು ಯಾರಿಗ್ ಗೊತ್ತಿತ್ತು ಯಾಂಗ್ಚೆನ್?" ಎಂದಿದ್ದೆ.

"ಗೊತ್ತಿರ್ಲಿಲ್ಲ. ಆದ್ರೂ ನನ್ ಬಾಯಲ್ಲಿ ಬಂದಿದ್ದು ತಾನೆ."

ಸಂಜೆ ಶಾಲೆ

ಹತ್ತಿರದಲ್ಲಿ ದೊಡ್ಡವರಿಗೆಂದು ಒಂದು ಸಂಜೆ ಶಾಲೆ ಇತ್ತು. ಪೇಮಾಳ ಹೆಸರನ್ನು ದೆಚೆನ್ ಕೊಟ್ಟಿದ್ದಳು. ಅಲ್ಲಿ ಸೇರಿ ಇಲ್ಲಿನ ಹೈಸ್ಕೂಲು ಮುಗಿಸಿದರೆ ಆಮೇಲೆ ನರ್ಸಿಂಗ್ ಓದಬಹುದು. ಪೇಮಾಳಿಗೆ ಮೊದಲಿಂದ ಅದೇ ಆಸೆ. ಹೊಸ ತರಗತಿ ಶುರುವಾಗುವುದೂ ನಮ್ಮ ವಿಮಾನ ಹೊರಡುವುದೂ ಒಂದೇ ವಾರದಲ್ಲಿ. ಪರಿಚಯದ ದಿನ ಯಾರು ಬೇಕಾದರೂ ಬಂದು ಕೂತು ನೋಡಬಹುದು ಎಂದರು. ನೋಡಿ ಬರುವುದಕ್ಕೆ ಏನಂತೆ ಎಂದು ನಾನೇ ಎಬ್ಬಿಸಿಕೊಂಡು ಹೋದೆ.

ಮಕ್ಕಳ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಕೊರಿಯಾದ ಹೆಂಗಸು, ಆಫ್ರಿಕಾದ ಎತ್ತರದ ಗಂಡಸು, ಸಿರಿಯಾದ ಬೇಕರಿಯವನು, ಇನ್ನೂ ಹಲವರು. ಗೋಡೆಯ ಮೇಲೆ ಹಗಲಿನ ಮಕ್ಕಳು ಬರೆದ ಚಿತ್ರಗಳು. ಟೀಚರು ಬಿಳಿ ಕೂದಲಿನವರು, ದನಿ ಬಹಳ ಮೆತ್ತಗೆ. ಮಾತು ಕಲಿಸಲು ಅವರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ನಿಮಗೆ ಹದಿನೆಂಟು ವರ್ಷವಾಗಿದ್ದಾಗ ಏನು ಮಾಡುತ್ತಿದ್ದಿರಿ?

ಪೇಮಾ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ಕೊರಿಯಾದವಳು ಬಸ್ ಕಂಡಕ್ಟರ್ ಆಗಿದ್ದಳಂತೆ. ಬೇಕರಿಯವನಿಗೆ ಮದುವೆಯಾಗಿತ್ತಂತೆ, ಮದುವೆಯ ರೊಟ್ಟಿಯನ್ನು ತಾನೇ ಸುಟ್ಟನಂತೆ. ಎಲ್ಲರೂ ನಕ್ಕರು. ಸರದಿ ಪೇಮಾಳ ಹತ್ತಿರ ಬಂತು. ಅವಳು ಬಾಗಿಲ ಕಡೆ ನೋಡಿದಳು. ದೆಚೆನ್ ಇರಲಿಲ್ಲ. ಕೆಳಗೆ ನೋಡಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಟೀಚರು ಅರ್ಥವಾಗದೆ ಕತ್ತು ಮುಂದೆ ಚಾಚಿದರು. ಪೇಮಾ ಮತ್ತೆ ಹೇಳಿದಳು, ಈ ಸಲ ಗಟ್ಟಿಯಾಗಿ. ಯಾರೋ ನಕ್ಕರು, ನಕ್ಕು ನಿಲ್ಲಿಸಿದರು.

"ಏನಂದೆ?" ಎಂದು ಕೇಳಿದೆ.

"ನಂಗೆ ಅದಿನೆಂಟು ಆಗ್ಲೇ ಇಲ್ಲ ಟೀಚರ್, ಅಂದೆ. ನಂಗೆ ಅದಿನೆಂಟಾದಾಗ ಇಪ್ಪತ್ತಾಗೋಗಿತ್ತು, ಅಂದೆ."

ಆಫ್ರಿಕಾದ ಗಂಡಸು ತನ್ನ ಎದೆ ಮುಟ್ಟಿಕೊಂಡು ಏನೋ ಹೇಳಿದ. ಕಾಗದದಲ್ಲಿ ಅವನ ಹುಟ್ಟಿದ ದಿನ ಜನವರಿ ಒಂದಂತೆ, ಅವನ ಶಿಬಿರದಲ್ಲಿ ಎಲ್ಲರೂ ಜನವರಿ ಒಂದರಂದೇ ಹುಟ್ಟಿದವರಂತೆ. ಅವನ ಮಾತಿಗೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ತರಗತಿ ಎಂಬುದು ನಮ್ಮ ಬಸ್‌ಸ್ಟ್ಯಾಂಡಿನ ಹಾಗಾಯಿತು. ಪೇಮಾ ನನಗೆ ಕನ್ನಡ ಮಾಡಿ ಹೇಳುವುದನ್ನು ಮರೆತಳು. ನಾನು ನೆನಪಿಸಲಿಲ್ಲ. ಏನೂ ತಿಳಿಯದೆ, ಬೆಚ್ಚಗಿನ ಆ ಕೋಣೆಯಲ್ಲಿ, ಅವಳ ದನಿ ಮಾತ್ರ ಗುರುತಿಸುತ್ತಾ ಕೂತಿದ್ದೆ. ನೀರಿನೊಳಗೆ ಕೂತು ಮೇಲಿನ ಮಾತು ಕೇಳಿದ ಹಾಗಿತ್ತು.

ಹೊರಡುವಾಗ ಟೀಚರು ಬರುವ ವಾರ ಬರುತ್ತೀಯಾ ಎಂದು ಕೇಳಿದರು. "ಊರಿಗೆ ಓಯ್ತಿದೀನಿ ಅಂದೆ" ಎಂದಳು ಪೇಮಾ, ಮೆಟ್ಟಿಲಿಳಿಯುತ್ತಾ.

ಸರೋವರ

ಹೊರಡುವ ಹಿಂದಿನ ದಿನ ಮಧ್ಯಾಹ್ನ ಸರೋವರ ನೋಡಲು ಹೋದೆವು, ನಾನೂ ಅವಳೂ. ಸರೋವರ ಎನ್ನುತ್ತಾರೆ, ಆಚೆ ದಡವೇ ಕಾಣದು. ಸಮುದ್ರದಷ್ಟು ನೀರು, ಆದರೆ ಸಮುದ್ರದ ವಾಸನೆ ಇಲ್ಲ, ಅಲೆಯ ಸದ್ದೂ ಅಷ್ಟಿಲ್ಲ. ನೀರೂ ಆಕಾಶವೂ ಒಂದೇ ಬೂದುಬಣ್ಣ, ನಡುವೆ ಗೆರೆ ಇಲ್ಲ. ಮಂಜಿನೊಳಗಿಂದ ಹಂಸಗಳು ಬಂದವು, ಮತ್ತೆ ಮಂಜಿನೊಳಕ್ಕೆ ಹೋದವು. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಅವನ್ನು ಕೇಳುವವರಿರಲಿಲ್ಲ.

ಬೆಂಚಿನ ಮೇಲೆ ಕೂತು ಉಪ್ಪಿನಕಾಯಿ ಹಚ್ಚಿದ ರೊಟ್ಟಿ ತಿಂದೆವು.

"ಚಿಕ್ಕವ್ವ, ನೀನು ಬಂದಿದ್ಯಾಕೆ ಅಂತ ನಂಗೊತ್ತು. ಬಂದಾಗಿಂದ ಒಂದ್ ಮಾತೂ ಆಡ್ಲಿಲ್ವಲ್ಲ?"

"ಕೈ ನೋವಿತ್ತು."

ನಕ್ಕಳು. "ಏಳು. ಬರ್ಲಾ, ಬ್ಯಾಡ್ವಾ?"

ಯಾಂಗ್ಚೆನ್‌ಗೆ ಕೊಟ್ಟ ಮಾತು ನಾಲಿಗೆಯ ಮೇಲೇ ಇತ್ತು. ಆದರೆ ನನ್ನ ಕಣ್ಣಿಗೆ ಬಂದದ್ದು ನಮ್ಮ ಮಗ್ಗದ ಹಿಂದೆ ಎದುರು ಖಾಲಿಯಿರುವ ಮಣೆ. ಬಾ ಎಂದರೆ ನಾಡಿದ್ದಿನಿಂದಲೇ ಅದು ತುಂಬುತ್ತದೆ. ಅದಕ್ಕೆ ಎಷ್ಟು ಆಸೆಯಾಯಿತೆಂದರೆ ಕೈಯಲ್ಲಿದ್ದ ರೊಟ್ಟಿಯನ್ನು ಮಡಿಲಲ್ಲಿಟ್ಟುಬಿಟ್ಟೆ.

ಆಗ ಇನ್ನೊಂದು ನೆನಪಾಯಿತು. ಪೇಮಾ ನಮ್ಮಲ್ಲಿದ್ದಾಗ ಅವಳ ಹತ್ತಿರ ಒಂದು ಪುಸ್ತಕವಿತ್ತು. ಟಿಬೆಟಿನವರೆಲ್ಲರ ಹತ್ತಿರ ಇರುತ್ತದೆ. ಇವರು ಹೊರದೇಶದವರು, ಇಂಥ ದಿನದವರೆಗೆ ಇಲ್ಲಿರಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಮೊದಲು ವರ್ಷಕ್ಕೊಂದು ಸಲ, ಆಮೇಲೆ ಕೆಲವು ವರ್ಷಕ್ಕೊಂದು ಸಲ, ಚಾಮರಾಜನಗರಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬರಬೇಕು. ಆ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಬರುವಾಗ ಮಸಾಲೆದೋಸೆ ತಿನ್ನುತ್ತಿದ್ದೆವು. ನನಗದು ಹಬ್ಬದ ಹಾಗಿತ್ತು. ಒಡೆಯರಪಾಳ್ಯದಲ್ಲಿ ಹುಟ್ಟಿ, ನಮ್ಮ ಬೀದಿಯಲ್ಲಿ ಓದಿ, ನಮ್ಮ ಸೀರೆಗಳಿಗೆ ಎಳೆ ಸೇರಿಸಿದವಳು ಯಾಕೆ ಮುದ್ರೆ ಹಾಕಿಸಬೇಕೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಸರ್ಕಾರಿ ನರ್ಸಿಂಗ್ ಕಾಲೇಜಿನ ಅರ್ಜಿಗೆ ನಾಗರಿಕಳೆಂಬ ಪುರಾವೆ ಕೇಳಿದರು ಎಂದು ಅವಳು ವಾಪಸು ಬಂದಾಗ, ಹೋಗಲಿ ಬಿಡು, ಕೆಚ್ಚುವ ಕೆಲಸ ಇದೆಯಲ್ಲ ಎಂದಿದ್ದೆ. ಸಮಾಧಾನಕ್ಕೆ ಹೇಳಿದ್ದು. ಅವಳೂ ತಲೆಯಾಡಿಸಿ ಮಣೆಯ ಮೇಲೆ ಕೂತಿದ್ದಳು.

ಅಲ್ಲಿ ಅವಳು ಪೇಮಕ್ಕ, ಆದರೆ ಅಷ್ಟೇ. ಇಲ್ಲಿ ಯಾರೂ ಅಲ್ಲ, ಆದರೆ ಇಷ್ಟೇ ಅಂತಲೂ ಇಲ್ಲ. ಇದನ್ನು ಹೇಗೆ ಹೇಳುವುದು?

"ನಂಗೆ ನೀನ್ ಬೇಕು ಕಣಮ್ಮಿ" ಎಂದೆ. "ಅದ್ ಬೇರೆ ಮಾತು. ಬರೋದಾದ್ರೆ ಬಾ. ಆದ್ರೆ ಮತ್ತೆ ಓಗಕ್ಕಾಗೋ ಅಂಗೆ ಬಾ. ಇಲ್ಲಿ ಇನ್ನೊಂದಷ್ಟು ವರ್ಷ ಇದ್ರೆ ಅದೇನೋ ಪಾಸ್‌ಪೋರ್ಟ್ ಕೊಡ್ತರಂತಲ್ಲ, ಅದ್ ತಕಂಡ್ ಬಾ. ಮುದ್ದೆ ಉಣ್ಣು, ಓಗು. ಮತ್ತೆ ಬಾ. ಇದುವರ್ಗೂ ನೀನು ಒಂದೊಂದು ಬಾಗ್ಲು ಒಂದೊಂದೇ ಸಲ ದಾಟಿದ್ದು. ಒಂದ್ಸಲ ದಾಟುದ್ರೆ ಇಂದಕ್ಕೆ ಮುಚ್ಕತದೆ."

"ಅಷ್ಟೊತ್ತಿಗೆ ನಂಗೆ ಎಷ್ಟಾಗಿರ್ತದೆ ಗೊತ್ತಾ?"

"ಯಾವ್ ಲೆಕ್ಕದಲ್ಲಿ?"

ಅವಳು ನಗಲಿಲ್ಲ. "ಮೂವತ್ತೈದಕ್ಕೆ ನರ್ಸ್ ಆಯ್ತಾರಾ ಯಾರಾದ್ರೂ? ದೆಚೆನ್ ಜೊತೆಯೋರು ಅಷ್ಟೊತ್ತಿಗೆ ದೊಡ್ಡ ಡಾಕ್ಟ್ರು ಆಗಿರ್ತರೆ."

"ಆಯ್ತಾರೋ ಇಲ್ವೋ, ಮೂವತ್ತೈದಂತೂ ಆಯ್ತದೆ. ಕೊಳ್ಳೇಗಾಲದಲ್ಲೂ ಆಯ್ತದೆ."

ಹಂಸಗಳು ಇನ್ನೊಮ್ಮೆ ಬಂದವು. ಪೇಮಾ ರೊಟ್ಟಿಯ ಚೂರೊಂದನ್ನು ಎಸೆಯಲು ಹೋಗಿ, ಹಕ್ಕಿಗಳಿಗೆ ತಿನ್ನಿಸಬೇಡಿ ಎಂದು ಪಕ್ಕದಲ್ಲಿದ್ದ ಫಲಕ ಓದಿ, ಕೈ ಹಿಂದಕ್ಕೆ ತಕ್ಕೊಂಡಳು.

"ನಾಳೆ ನೋಡಾಣ ಬಾ ಚಿಕ್ಕವ್ವ. ಚಳಿ" ಎಂದಳು.

ಹೊರಡುವ ಬಾಗಿಲು

ವಿಮಾನ ನಿಲ್ದಾಣಕ್ಕೆ ನಾಲ್ವರೂ ಹೋದೆವು. ಪೇಮಾಳ ಹೆಗಲಲ್ಲಿ ಒಂದು ಚೀಲ. ತರಗತಿಗೆ ಹೋಗುವವರೂ ಅಷ್ಟೇ ದೊಡ್ಡ ಚೀಲ ಹಾಕಿಕೊಳ್ಳುತ್ತಾರೆ, ಎರಡು ಜೊತೆ ಬಟ್ಟೆ ಸಾಕೆನ್ನುವ ಪ್ರಯಾಣಿಕರೂ ಅಷ್ಟೇ ದೊಡ್ಡದು. ಯಾಂಗ್ಚೆನ್ ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಯಾರೂ ಕೇಳಲಿಲ್ಲ. ಯಾಂಗ್ಚೆನ್ ನನಗೆ ಒಣಗಿಸಿದ ಗಿಣ್ಣಿನ ಪೊಟ್ಟಣ ಕೊಟ್ಟಳು, ಪೇಮಾಳಿಗೂ ಒಂದು ಕೊಟ್ಟಳು. ಇದ್ದರೂ ಇರಲಿ, ಹೋದರೂ ಇರಲಿ ಎಂಬಂತೆ.

ಸಾಲು ಮುಂದೆ ಸರಿಯಿತು. ನನ್ನ ಪಾಸ್‌ಪೋರ್ಟ್ ಪೇಮಾಳ ಕೈಯಲ್ಲಿತ್ತು. ನನ್ನ ಪೆಟ್ಟಿಗೆಯನ್ನು ತಳ್ಳುತ್ತಿದ್ದವಳೂ ಅವಳೇ. ಕೌಂಟರಿನ ಹುಡುಗ ತನ್ನ ಪರದೆ ನೋಡಿ, ನಮ್ಮಿಬ್ಬರನ್ನೂ ನೋಡಿ, ಎರಡು ಬೆರಳು ತೋರಿಸಿ ಕೇಳಿದ. ಅಷ್ಟು ನನಗೂ ತಿಳಿಯಿತು. ಇಬ್ಬರೂ ತಾನೆ?

ಪೇಮಾ ನನ್ನ ಪಾಸ್‌ಪೋರ್ಟನ್ನು ಕೌಂಟರಿನ ಮೇಲಿಟ್ಟಳು. ಹಿಂದಿನ ಸಾಲಿನವರು ಕಾಲು ಬದಲಾಯಿಸಿದರು. ದೆಚೆನ್ ಮುಂದೆ ಬಂದು, ಅಕ್ಕನ ಭುಜದ ಮೇಲಿಂದ ಬಗ್ಗಿ, ಬಾಯಿ ತೆರೆದಳು. ಪೇಮಾ ತಿರುಗಿ ನೋಡದೆ ತಂಗಿಯ ಕೈಯ ಮೇಲೆ ತನ್ನ ಕೈ ಇಟ್ಟಳು. ದೆಚೆನ್ ಬಾಯಿ ಮುಚ್ಚಿಕೊಂಡಳು.

"ಒನ್" ಎಂದಳು ಪೇಮಾ. ಹುಡುಗನಿಗೆ ಕೇಳಿಸಲಿಲ್ಲವೇನೋ. ಅವಳು ನನ್ನನ್ನು ತೋರಿಸಿ, ಆಮೇಲೆ ತನ್ನನ್ನು ತೋರಿಸಿಕೊಂಡು, ಪ್ರತಿಯೊಂದು ಮಾತಿನ ಮೇಲೂ ಕಾಲೂರಿ ನಡೆದಂತೆ ಹೇಳಿದಳು: "ಶಿ ಈಸ್ ಗೋಯಿಂಗ್. ಐ ಲಿವ್ ಹಿಯರ್."

ಹುಡುಗ ಇನ್ನೂ ಏನೇನೋ ಕೇಳಿದ. ಟಿಕೆಟ್ಟಿನ ವಿಷಯವಿರಬೇಕು. ಅವಳು ತಡವರಿಸಿದಳು, ನಿಂತಳು, ಮತ್ತೆ ಶುರುಮಾಡಿದಳು. ಬಹಳ ಹೊತ್ತಾಯಿತು. ಹಿಂದಿನವರಿಗೆ ಅವಳು ಸಾರಿ ಹೇಳಲಿಲ್ಲ. ದೆಚೆನ್ ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡು ನೆಲ ನೋಡುತ್ತಿದ್ದಳು. ಯಾಂಗ್ಚೆನ್ ಜಪಮಣಿಯನ್ನು ಹಿಡಿದಿದ್ದಳು, ಎಣಿಸುತ್ತಿರಲಿಲ್ಲ.

ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಉಳಿದೆಲ್ಲ ಕಡೆ ಜನ ತುಂಬಿದ್ದರು. ದೀಪ ಮಂದ ಮಾಡಿದ ಮೇಲೆ ವಿಮಾನದ ಹುಡುಗಿ ಬಂದು, ಪಕ್ಕದಲ್ಲಿ ಯಾರೂ ಇಲ್ಲವಲ್ಲ, ಸೀಟುಗಳ ನಡುವಿನ ಕೈಹಿಡಿ ಎತ್ತಿಕೊಡುತ್ತೇನೆ, ಕಾಲು ಚಾಚಿ ಮಲಗಿ ಎಂದು ಸನ್ನೆ ಮಾಡಿದಳು. ಒಳ್ಳೆಯ ಹುಡುಗಿ. ಒಂದು ಹೊದಿಕೆಯನ್ನೂ ಹೆಚ್ಚಿಗೆ ತಂದಳು. ಆ ಹೊದಿಕೆಯನ್ನು ಮಡಿಸಿ ಖಾಲಿ ಸೀಟಿನ ಮೇಲಿಟ್ಟೆ. ಇಳಿಯುವವರೆಗೂ ಕಾಲು ಮಡಚಿಕೊಂಡೇ ಕೂತಿದ್ದೆ.